ಅಲುಗದ ಗೆರೆ

ಬೀದಿಯವರ ಬಾಯಲ್ಲಿ ಅವನು ಲೆಕ್ಕದ ಡಾಕ್ಟರು. ಜ್ವರಕ್ಕೊಂದು ಮಾತ್ರೆ ಬರೆದುಕೊಡಲು ಬಾರದ ಇವನೆಂಥ ಡಾಕ್ಟರು ಎಂಬ ಕುಚೋದ್ಯ ಅದರಲ್ಲಿತ್ತು, ತಪ್ಪೇನಲ್ಲ. ಕ್ಯಾನ್ಸರ್ ತಪಾಸಣೆ ಶಿಬಿರಗಳಿಂದ ಜನಕ್ಕೆ ನಿಜವಾಗಿ ಒಳ್ಳೆಯದಾಯಿತೇ ಎಂದು ಆರೋಗ್ಯ ಇಲಾಖೆಯ ಮೂರನೇ ಮಹಡಿಯಲ್ಲಿ ಕೂತು ಅಳೆಯುವುದು ಅವನ ಕೆಲಸ. ರೋಗಿಗಳ ಮುಖ ನೋಡಿದ್ದೇ ಕಡಿಮೆ.

ಆರು ವರ್ಷದ ಹಿಂದೆ ಇಲಾಖೆ ಕತ್ತಿನ ಸ್ಕ್ಯಾನಿಂಗ್ ಶುರುಮಾಡಿತು. ಮೊದಲ ದಿನದ ಪಟ್ಟಿಗೆ ತಲೆ ಸಾಲದೆ ಅವನು ಅಕ್ಕನನ್ನು ಕರೆತಂದ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು, ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಾಣದ ಗಟ್ಟಿ ಜೀವ. ಥೈರಾಯ್ಡ್‌ನಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಕ್ಯಾನ್ಸರ್ ಎಂದರು, ಗ್ರಂಥಿಯನ್ನೇ ತೆಗೆದರು, ಆಪರೇಶನ್‌ನಲ್ಲಿ ದನಿಯ ನರಕ್ಕೆ ಪೆಟ್ಟಾಯಿತು. ಮಹಡಿಯಿಂದ ಅವಳು ಕೂಗಿದರೆ ಬೀದಿ ಕೊನೆಯ ಅಂಗಡಿಯವನು ಸಾಮಾನು ಕಟ್ಟಲು ಶುರುಮಾಡುತ್ತಿದ್ದ. ಅಂಥ ಗಂಟಲು ಪಿಸುಮಾತಿಗಿಳಿಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು.

ಅಕ್ಕ ಮಾತ್ರ ಸಿಕ್ಕಸಿಕ್ಕವರಿಗೆಲ್ಲ "ನನ್ನ ತಮ್ಮ ನನ್ನ ಜೀವ ಉಳಿಸಿದ" ಎಂದು ಹೇಳಿಕೊಂಡು ಬಂದಳು. ಅಷ್ಟಕ್ಕೇ ಬಿಡದೆ ಬೀದಿಯ ಅರ್ಧ ಹೆಂಗಸರನ್ನು ತಾನೇ ಸ್ಕ್ಯಾನಿಂಗ್‌ಗೆ ಕರೆದೊಯ್ದಳು.

ಎರಡು ವರ್ಷದ ಹಿಂದೆ ಲೆಕ್ಕ ಕೈಗೆ ಬಂತು. ಪತ್ತೆಯಾದ ಕ್ಯಾನ್ಸರ್ ಹತ್ತು ಪಟ್ಟು ಏರಿತ್ತು. ಗ್ರಾಫಿನಲ್ಲಿ ಸಾವಿನ ಸಂಖ್ಯೆಯ ಗೆರೆ ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಂದರೆ ಆ ಗಂಟುಗಳಲ್ಲಿ ಬಹುಪಾಲು, ಸುಮ್ಮನೆ ಬಿಟ್ಟಿದ್ದರೂ ಯಾರನ್ನೂ ಕೊಲ್ಲುತ್ತಿರಲಿಲ್ಲ. "ಇನ್ನೊಂದು ವರ್ಷದ ಅಂಕಿಅಂಶ ಬರಲಿ, ಆಮೇಲೆ ಹೇಳೋಣ" ಎಂದರು ನಿರ್ದೇಶಕರು. ಅವನು ತಲೆಯಾಡಿಸಿದ. ವರದಿ ಹೊರಬಿದ್ದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆಂದು ಹೆದರಿದ್ದ ಅವನಿಗೂ ಅದೇ ಬೇಕಿತ್ತು. ಒಂದು ವರ್ಷ ಎರಡಾಯಿತು. ನಾಚಿಕೆಗೇಡು ಎಂದು ಅವನಿಗೇ ಗೊತ್ತಿತ್ತು.

ಕೊನೆಗೂ ವರದಿ ನಾಳೆ ಪತ್ರಿಕೆಯಲ್ಲಿ ಬರುತ್ತದೆಂದಾಗ ಅಕ್ಕನ ಮನೆಗೆ ಓಡಿದ. ಅವಳು ಬಟ್ಟೆ ಮಡಚುತ್ತಿದ್ದಳು.

"ಅಕ್ಕಾ, ನಿನ್ನ ಗಂಟು ತೆಗೀದೇ ಇದ್ದಿದ್ರೂ ಬಹುಶಃ ಏನೂ ಆಗ್ತಿರ್ಲಿಲ್ಲ."

"ಬಹುಶಃ ಅಂದ್ರೆ?"

"ನಿನ್ನೊಬ್ಬಳ ವಿಷಯ ಯಾರಿಂದಲೂ ಹೇಳೋಕಾಗಲ್ಲ. ಆದ್ರೆ ಆಪರೇಶನ್ ಆದವರಲ್ಲಿ ಬಹಳ ಜನಕ್ಕೆ ಅದು ಬೇಕೇ ಇರ್ಲಿಲ್ಲ."

ಅಕ್ಕ ಮಡಚಿದ ಸೀರೆಯನ್ನು ಪಕ್ಕಕ್ಕಿಟ್ಟಳು. "ಹೋಗ್ಲಿ ಬಿಡೋ. ನಿನಗೇನು ಕನಸು ಬಿದ್ದಿತ್ತಾ? ಗೊತ್ತಿದ್ರೆ ಕರ್ಕೊಂಡು ಹೋಗ್ತಿದ್ಯಾ?"

ಬದುಕಿದೆಯಾ ಬಡಜೀವವೇ ಅಂದುಕೊಂಡ ಅವನು.

"ಯಾವಾಗ ಗೊತ್ತಾಯ್ತು?" ಎಂದಳು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಎರಡು ವರ್ಷ ಆಯ್ತು."

ಮಡಚುತ್ತಿದ್ದ ಕೈ ನಿಂತಿತು. "ಹಾಗಾದ್ರೆ ಹೋದ ತಿಂಗಳು ಪಕ್ಕದ ಮನೆಯವಳನ್ನ ನಾನು ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೊರಟಾಗ? ನೀನು ಇಲ್ಲೇ ಟೀ ಕುಡೀತಾ ಕೂತಿದ್ದೆ."

"ಗೊತ್ತಿತ್ತು."

"ಭಯ ಆಗುತ್ತೆ, ಬೇಡ ಅಂತ ಅಳ್ತಿದ್ಲು ಕಣೋ ಅವಳು. ನಾನೇ ಬೈದು ಎಳ್ಕೊಂಡು ಹೋದೆ. ನನ್ನ ತಮ್ಮನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂತ ಕೇಳ್ದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ತನ್ನ ನಾಚಿಕೆ ಇಳಿಸಿಕೊಳ್ಳಲೆಂದು ಬಂದವನು ಅದನ್ನು ಅಕ್ಕನ ತಲೆಗೂ ಕಟ್ಟಿದ್ದ.

ಅಷ್ಟರಲ್ಲಿ ಹೊರಗಿನಿಂದ ಪಕ್ಕದ ಮನೆಯವಳ ದನಿ. "ಅಕ್ಕಾ, ಇದ್ದೀರಾ? ಇವತ್ತು ಕತ್ತಿನ ಹೊಲಿಗೆ ಬಿಚ್ಚಿದ್ರು. ಮೊದ್ಲು ನಿಮಗೇ ತೋರಿಸೋಣ ಅಂತ ಬಂದೆ."

ಅವನು ಏಳಹೋದ. ಅಕ್ಕ ಅವನ ತೋಳು ಹಿಡಿದು ಕೂರಿಸಿದಳು. ಜನ್ಮದಲ್ಲಿ ಯಾರನ್ನೂ ಬಾಗಿಲಲ್ಲಿ ಕಾಯಿಸಿದವಳಲ್ಲ. ಈಗ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಉಸಿರು ಬಿಗಿಹಿಡಿದು, ತಲೆ ತಗ್ಗಿಸಿ ಕೂತಳು. ಚಿಲಕ ಎರಡು ಸಲ ಅಲ್ಲಾಡಿತು.