ಆಂಟಿ ಕಿತ್ತ ರೂಬಾರ್ಬ್ ಎಲೆ

ನಾವಿರುವ ಪರದೇಶದ ಊರು ಸೀಡರ್ ಪಾರ್ಕಿನ ಕಮ್ಯುನಿಟಿ ಗಾರ್ಡನ್ನಿನಲ್ಲಿ ನನ್ನ ಪಕ್ಕದ ಮಡಿ ಹುಬ್ಬಳ್ಳಿ ಕಡೆಯ ಒಬ್ಬ ಆಂಟಿಯದು. ಕಂಡವರ ಸೊಪ್ಪನ್ನು ಕೇಳದೆ ಕೀಳುವುದು ಅವರ ಚಾಳಿ. ನನ್ನ ಮೆಂತ್ಯ ಹೋಯಿತು, ಪಾಲಕ್ ಹೋಯಿತು. ಕೇಳಿದರೆ, “ಒಂದ್ ಹಿಡಿ ತಪ್ಪಲಕ್ಕ ಇಷ್ಟ್ಯಾಕ ಸಿಟ್ಟರೀ?” ಎಂದು ನನ್ನನ್ನೇ ಜಿಪುಣಿ ಮಾಡಿದರು.

ಆಮೇಲೆ ನಾನು ರೂಬಾರ್ಬ್ ಹಾಕಿದೆ. ಇಲ್ಲಿನ ಬೇಸಿಗೆಗೆ ಅದು ಸತ್ತೇಹೋಗುತ್ತದೆ. ಹಾಗಾಗಿ ಬಿಸಿಲು ಇಳಿದ ಮೇಲೆ ಅಕ್ಟೋಬರಿನಲ್ಲಿ ನೆಟ್ಟು, ಬುಡ ಕೊಳೆಯದಂತೆ ಮಣ್ಣು ಏರಿಸಿ, ಚಳಿಗಾಲವಿಡೀ ಜೋಪಾನ ಮಾಡಿದೆ. ಅದರ ಹುಳಿಹುಳಿ ಕೆಂಪು ದಂಟನ್ನು ತಿನ್ನಬಹುದು. ಎಲೆ ಮಾತ್ರ ವಿಷ.

ಮಾರ್ಚಿನ ಒಂದು ಶನಿವಾರ ಹೋಗಿ ನೋಡಿದರೆ ಬರೀ ದಂಟುಗಳು ನಿಂತಿದ್ದವು. ನೇರ ಆಂಟಿಯ ಮನೆಗೆ ಡ್ರೈವ್ ಮಾಡಿದೆ. ಒಲೆಯ ಮೇಲೆ ಬೇಳೆ, ಜೋಳದ ನುಚ್ಚಿನ ಜೊತೆ ನನ್ನ ಎಲೆ ಬೇಯುತ್ತಿತ್ತು.

“ಚೆಲ್ಲಿ ಆಂಟಿ ಅದನ್ನ! ಅದು ಕೆಂಪು ದಂಟಿನ ನಿಮ್ಮ ಹುಳಿ ಪುಂಡಿ ಸೊಪ್ಪಲ್ಲ, ವಿಷ.”

ಅವರು ಒಲೆ ಆರಿಸಿ ನನ್ನನ್ನೇ ದಿಟ್ಟಿಸಿದರು. “ನಾ ಕೀಳ್ತೀನಂತ ನಿಮಗ ಗೊತ್ತಿತ್ತಲ್ರೀ. ಮೊದಲ ಯಾಕ ಹೇಳಲಿಲ್ಲ?”

ನನ್ನ ಮಡಿಯಲ್ಲಿ ಪ್ರತಿ ಗಿಡಕ್ಕೂ ಹೆಸರಿನ ಚೀಟಿ ಚುಚ್ಚಿದ್ದೆ. ರೂಬಾರ್ಬಿಗೆ ಮಾತ್ರ ಬೇಕೆಂದೇ ಚುಚ್ಚಿರಲಿಲ್ಲ.