ನನ್ನ ಮಗಳ ಅಸಿಸ್ಟೆಂಟ್ ಕೋಚ್

ಆಕೆಯ ಕಾಲಿಗೆ ಎರಡು ಬಣ್ಣ. ಕಣಕಾಲಿನ ತನಕ ಬಿಸಿಲಿಗೆ ಸುಟ್ಟ ಕಪ್ಪು, ಸಾಕ್ಸ್ ಮುಚ್ಚಿಕೊಂಡಿದ್ದ ಪಾದ ಮಾತ್ರ ಗೋಧಿ ಬಣ್ಣ. ಹೆಬ್ಬೆರಳಿನ ಉಗುರುಗಳು ಚೆಂಡು ಒದ್ದೂ ಒದ್ದೂ ನೀಲಿಗಟ್ಟಿದ್ದವು. ಗೌರಿ ಹಬ್ಬಕ್ಕೆಂದು ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿನ ನಮ್ಮ ಮನೆಗೆ ಬಂದು, ತನ್ನಮ್ಮನ ಸೀರೆ ಉಟ್ಟು ಚಾಪೆಯ ಮೇಲೆ ಕೂತಾಗ ಅದೆಲ್ಲ ಕಾಣಿಸಿತು. ಕುಂಕುಮಕ್ಕೆ ಬಂದಿದ್ದ ಹೆಂಗಸರಲ್ಲಿ ಒಬ್ಬರು ವಿಚಾರಿಸಿದರು.

“ಏನ್ ಕೆಲ್ಸಮ್ಮಾ ನಿಂದು?”

“ಕಾಲೇಜಲ್ಲಿ ಹುಡುಗೀರ ಸಾಕರ್ ಟೀಮಿಗೆ ಅಸಿಸ್ಟೆಂಟ್ ಕೋಚ್, ಆಂಟಿ.”

“ಅಸಿಸ್ಟೆಂಟಾ? ಮತ್ತೆ ಪ್ರಮೋಷನ್ ಯಾವಾಗ?”

“ನಮ್ಮಮ್ಮನೂ ಅದೇ ಕೇಳ್ತಾರೆ” ಎಂದು ನಕ್ಕಳು. ವುಡ್‌ಬ್ರಿಡ್ಜಿನಲ್ಲಿದ್ದ ಆ ಅಮ್ಮ ಕನ್ನಡ ಕೂಟದಲ್ಲಿ “ಮಗಳು ಕಾಲೇಜಲ್ಲಿದ್ದಾಳೆ” ಎಂದಷ್ಟೇ ಹೇಳಿ, ಕೇಳಿದವರು ಲೆಕ್ಚರರ್ ಅಂದುಕೊಂಡರೆ ಅಂದುಕೊಳ್ಳಲಿ ಎಂದು ಸುಮ್ಮನಾಗುತ್ತಿದ್ದರಂತೆ.

ನನಗೂ ಆಕೆಗೂ ಪರಿಚಯ ಶುರುವಾದದ್ದೇ ಜಗಳದಿಂದ. ಜಗಳವೆಂದರೆ ನನ್ನ ಕಡೆಯಿಂದ ಮಾತ್ರ. ಆಗ ನನ್ನ ಮಗಳಿನ್ನೂ ಹೈಸ್ಕೂಲಿನಲ್ಲಿದ್ದಳು. ನವೆಂಬರ್ ಚಳಿಯಲ್ಲಿ ಅವಳಾಡುತ್ತಿದ್ದ ಯಾವುದೋ ಸಾಕರ್ ಟೂರ್ನಮೆಂಟು, ಮೈದಾನದ ಅಂಚಿನಲ್ಲಿ ತಮ್ಮ ತಂಡಕ್ಕೆ ಹುಡುಗಿಯರನ್ನು ಆರಿಸಲು ಬಂದ ಕಾಲೇಜುಗಳ ಕೋಚುಗಳು ಮಡಚುವ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಅವರಲ್ಲೊಬ್ಬಳು ಫೋನಿನಲ್ಲಿ “ಆಯ್ತಮ್ಮಾ, ಸ್ವೆಟರ್ ಹಾಕ್ಕೊಂಡಿದೀನಿ” ಎನ್ನುವುದು ಕೇಳಿಸಿತು. ನ್ಯೂಜೆರ್ಸಿಯ ಮೈದಾನದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರಲು ನನ್ನ ಕೈಲಾಗುತ್ತದೆಯೇ? ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಹೋಗಿ, “ನಮ್ಮೋರಾ? ಯಾವ ಕಡೆಯವರು? ತಗೋಮ್ಮಾ, ಬಿಸಿಯಾಗಿದೆ” ಎಂದೆ. ಆಕೆ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, “ಹಲೋ” ಎಂದಳು. ಆಮೇಲೆ ಕುರ್ಚಿ ಎತ್ತಿಕೊಂಡು ಆಚೆ ತುದಿಗೆ ಹೋಗಿ ಕೂತಳು.

ಮನೆಗೆ ಬರುವ ದಾರಿಯುದ್ದಕ್ಕೂ ಬೈದೆ. ಇಲ್ಲೇ ಹುಟ್ಟಿದವರ ಸೊಕ್ಕು ಎಂದೆ. “ಅಮ್ಮಾ, ಸ್ಟಾಪ್! ಶಿ ಕಾಂಟ್ ಟಾಕ್ ಟು ಅಸ್. ಇಟ್ಸ್ ಅ ರೂಲ್!” ಎಂದು ಮಗಳು ತಲೆ ಚಚ್ಚಿಕೊಂಡಳು. ಹೈಸ್ಕೂಲಿನ ಹುಡುಗಿಯರು ಇಂತಿಷ್ಟು ತರಗತಿ ಮುಗಿಸುವ ತನಕ ಕಾಲೇಜಿನ ಕೋಚುಗಳು ಅವರೊಂದಿಗಾಗಲಿ, ಅವರ ಮನೆಯವರೊಂದಿಗಾಗಲಿ ಒಂದು ನಮಸ್ಕಾರಕ್ಕಿಂತ ಹೆಚ್ಚು ಮಾತಾಡುವಂತಿಲ್ಲವಂತೆ. ಮುಂದೆ ಮಾತಾಡಬಹುದಾದ ಮೊದಲ ದಿನವೇ ನಮ್ಮ ಮನೆಗೆ ಫೋನ್ ಬಂತು. “ಆಂಟಿ, ಅವತ್ತು ನಿಮ್ಮ ಚಿತ್ರಾನ್ನದ ವಾಸ್ನೆ ಇಡೀ ಫೀಲ್ಡಿಗೆ ಬರ್ತಿತ್ತು. ಹತ್ರ ಕೂತಿದ್ರೆ ತಿಂದ್ಬಿಡ್ತಿದ್ದೆ, ಅದಕ್ಕೇ ಎದ್ದು ಹೋದೆ.”

ಅವತ್ತಿನಿಂದ ಆಕೆ ನನ್ನ ಪಾಲಿಗೆ ಕೋಚಮ್ಮ.

ಮಗಳು ಟರ್ನ್‌ಪೈಕ್ ಹೆದ್ದಾರಿ ಹಿಡಿದರೆ ಒಂದು ಗಂಟೆ ದೂರದ ಆಕೆಯ ಕಾಲೇಜಿಗೇ ಸೇರಿದಳು. ಸೇರಿದ ಮೇಲೆ ಗೊತ್ತಾಯಿತು, ಅಲ್ಲಿ ಕೆಲಸವೆಲ್ಲ ಕೋಚಮ್ಮನದು, ಕೈ ಕುಲುಕಿಸಿಕೊಳ್ಳುವುದು ಹೆಡ್ ಕೋಚಿನದು. ಊರೂರು ಅಲೆದು ಹುಡುಗಿಯರನ್ನು ಆರಿಸಿದವಳು ಆಕೆ. ಡಿಫೆನ್ಸ್ ಕಲಿಸಿದವಳು ಆಕೆ. ಮ್ಯಾಚ್ ನಡೆಯುವಾಗ ಕೂಗಿ ಹೇಳುವ ಹಕ್ಕು ಮಾತ್ರ ಹೆಡ್ ಕೋಚಿನದು. ಆಕೆ ಬೆಂಚಿನ ತುದಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಏಕೆಂದು ಕೇಳಿದರೆ, “ಕೈ ಬಿಟ್ರೆ ಬಾಯೂ ಬಿಡುತ್ತೆ ಆಂಟಿ” ಎನ್ನುವಳು.

ಹಾಗೆಂದು ಮೆದು ಸ್ವಭಾವದವಳಲ್ಲ. ಎರಡನೇ ವರ್ಷ ಮಗಳು ತಂಡದಿಂದ ಹೊರಗೆ ಕೂತು ಅಳುತ್ತಿದ್ದಾಗ, ಸಮಾಧಾನ ಮಾಡಲಿ ಎಂದು ನಾನೇ ಫೋನ್ ಮಾಡಿದೆ. “ನಿಮ್ಮ ಮಗಳು ಚೆಂಡನ್ನ ನೋಡ್ತಾಳೆ, ಮನುಷ್ಯರನ್ನ ನೋಡಲ್ಲ. ಅದನ್ನ ಕಲಿಯೋ ತನಕ ಆಡ್ಸಲ್ಲ. ನಾನೇ ಬೇಡ ಅಂದಿದ್ದು” ಎಂದಳು. ನಾನು ಫೋನ್ ಕುಕ್ಕಿದೆ. ಆದರೆ ಆ ಚಳಿಗಾಲವೆಲ್ಲ ಬೆಳಿಗ್ಗೆ ತರಗತಿಗೆ ಮುಂಚೆ, ನನ್ನ ಮಗಳೊಬ್ಬಳಿಗಾಗಿ ಹಿಮ ತಳ್ಳಿ ಜಾಗ ಮಾಡಿ ಅದನ್ನು ಕಲಿಸಿದಳು.

ಮಗಳ ಮೂರನೇ ವರ್ಷ ಹೆಡ್ ಕೋಚ್ ದೊಡ್ಡ ಕಾಲೇಜೊಂದಕ್ಕೆ ಹಾರಿದರು. ಹೊಸಬರು ಸಿಗುವ ತನಕ ನೀನು ನೋಡಿಕೋ ಎಂದು ಕಾಲೇಜಿನವರು ತಂಡವನ್ನು ಈಕೆಗೆ ಒಪ್ಪಿಸಿದರು. ಕೈಗಳು ತೊಡೆಯ ಕೆಳಗಿನಿಂದ ಹೊರಬಂದವು! ಆ ಸೀಸನ್ನಿನ ಉದ್ದಕ್ಕೂ ಆಕೆಯ ಗಂಟಲು ಒಡೆದೇ ಇತ್ತು. ಹಿಂದೆಂದೂ ಸೆಮಿಫೈನಲ್ ಕಾಣದ ತಂಡ ಫೈನಲಿಗೆ ಹೋಯಿತು. ಇನ್ನೇನು, ಹುದ್ದೆ ಈಕೆಯದೇ ಎಂದು ನಾವೆಲ್ಲ ಸಂಭ್ರಮಿಸಿದೆವು. ಆಕೆಯ ಅಮ್ಮ ನನಗೆ ಫೋನ್ ಮಾಡಿ, “ಹೆಡ್ ಕೋಚ್ ಅಂದ್ರೆ ಎಲ್ರಿಗೂ ಅರ್ಥವಾಗುತ್ತೆ, ಅಲ್ವಾ?” ಎಂದರು. ಆ ಧ್ವನಿಯಲ್ಲಿದ್ದ ಆಸೆ ಇವತ್ತಿಗೂ ಕಿವಿಯಲ್ಲಿದೆ.

ಕಾಲೇಜಿನವರು ಬೇರೆ ರಾಜ್ಯದಿಂದ ಒಬ್ಬ ಗಂಡಸನ್ನು ಕರೆತಂದರು. ಆಕೆಗೆ ಹೆಡ್ ಕೋಚ್ ಆಗಿ ಅನುಭವವಿಲ್ಲವಂತೆ. ಹಿಂದೆ ಬೇರೆ ಕಾಲೇಜುಗಳೂ ಇದೇ ಮಾತು ಹೇಳಿ ಕಳಿಸಿದ್ದವು. ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು, ಇವರ ಮನೆ ಹಾಳಾಗ! ಸಾಲದ್ದಕ್ಕೆ, ಹೊಸಬನಿಗೆ ಹುಡುಗಿಯರನ್ನು ಪರಿಚಯಿಸುವ ಕೆಲಸವನ್ನೂ ಆಕೆಗೇ ಹಚ್ಚಿದರು. ಒಬ್ಬೊಬ್ಬಳ ಊರು, ಮಂಡಿನೋವು, ಯಾರಿಗೆ ಗದರಬಾರದು ಎಂಬುದನ್ನೆಲ್ಲ ಹೇಳಿಕೊಟ್ಟಳಂತೆ.

ನಾನು ಆಕೆಯ ಆಫೀಸಿಗೇ ನುಗ್ಗಿದೆ. “ನಾಲ್ಕು ಮಾತು ಒಗೆದು ಎದ್ದು ಬಾರೇ!” ಎಂದೆ.

“ಆಂಟಿ, ನಿಮಗಿಂತ ಜಾಸ್ತಿ ಕೋಪ ನಂಗಿದೆ” ಎಂದಳು. “ಆದ್ರೆ ಈ ಹುಡುಗೀರ ಮನೆಮನೆಗೆ ಹೋಗಿ, ನಾನಿರ್ತೀನಿ ಅಂತ ಹೇಳಿ ಕರ್ಕೊಂಡು ಬಂದೋಳು ನಾನು. ಇವರು ಗ್ರಾಜುಯೇಟ್ ಆಗ್ಲಿ. ಆಮೇಲೆ ಒಂದು ದಿನಾನೂ ಇರಲ್ಲ.”

ಹಾಗೆಯೇ ಮಾಡಿದಳು. ಎಲ್ಲರಿಗಿಂತ ಚಿಕ್ಕವಳ ಪದವಿ ಮುಗಿದ ವಾರವೇ ಬಿಟ್ಟಳು. ಈಗ ಫೋರ್ಟ್ ಲೀಯಲ್ಲಿದ್ದುಕೊಂಡು ಯಾವುದೋ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಹೊಸ ಹುದ್ದೆಯ ಹೆಸರು ದೊಡ್ಡದಾಗಿದೆ, ಅಮ್ಮನಿಗೆ ನೆಮ್ಮದಿ. ಸಾಕರ್ ಎಂದರೆ ಮಾತು ಬದಲಿಸುತ್ತಾಳೆ.

ಕಳೆದ ತಿಂಗಳು ನನ್ನ ಮಗಳು ನ್ಯೂಯಾರ್ಕಿನ ಒಂದು ಕಾಲೇಜಿಗೆ ಇಂಟರ್‌ವ್ಯೂಗೆ ಹೋಗಿದ್ದಳು. ಯಾವ ಕೆಲಸಕ್ಕೆ ಎಂದರೆ ಅದೇ, ಅಸಿಸ್ಟೆಂಟ್ ಕೋಚ್. ಬೇಡವೆಂದು ಕೂಗಾಡಿದೆ, ಊಟ ಬಿಟ್ಟೆ. ಕೇಳಲಿಲ್ಲ. ಬಂದ ಮೇಲೆ ಏನು ಕೇಳಿದರು ಎಂದೆ.

“ನಿನ್ನ ಹೆಡ್ ಕೋಚ್ ಯಾರು ಅಂದ್ರು. ಐ ಗೇವ್ ದೆಮ್ ಹರ್ ನೇಮ್.”

“ಕೋಚಮ್ಮ ಅಸಿಸ್ಟೆಂಟ್ ಅಲ್ವೇನೇ?”

“ದೇ ಸೆಡ್ ದ ಸೇಮ್ ಥಿಂಗ್, ಅಮ್ಮಾ. ನಾನು ಮತ್ತೆ ಅದೇ ಹೆಸರು ಹೇಳ್ದೆ.”