ಜೋತುಬೀಳುವ ಏರೋಪ್ಲೇನ್ ಚಿಟ್ಟೆ

ಐವತ್ತರ ದಶಕದ ಕೊನೆ. ನಾನು ದಾವಣಗೆರೆಯಿಂದ ಹರಿಹರಕ್ಕೆ ಸೊಸೆಯಾಗಿ ಬಂದ ಮೊದಲ ಬೇಸಿಗೆ, ನಾದಿನಿಯ ಮದುವೆಗೆ ಸಂಡಿಗೆ ಹಾಕುವ ಗಡಿಬಿಡಿ. ರೋಹಿಣಿ ಮಳೆ ಹುಟ್ಟಲು ಇನ್ನೂ ವಾರವಿತ್ತು. ನಸುಕಿನಲ್ಲೇ ಹಿಟ್ಟು ಕುದಿಸಿಟ್ಟು, ಅದು ಆರುವಷ್ಟರಲ್ಲಿ ಬಟ್ಟೆ ಒಗೆದು ಬರೋಣವೆಂದು ಅತ್ತೆಯೂ ನಾನೂ ಹೊಳೆಗೆ ಹೋದೆವು.

ನೀರಿನಂಚಿನ ಜೊಂಡಿನ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಯೊಂದು ಕಂಡದ್ದೇ ತಡ, ಅತ್ತೆ ಸೀರೆ ಹಿಂಡುವುದನ್ನು ನಿಲ್ಲಿಸಿದರು.

"ಬಂತಲ್ಲವ್ವ ಚಿಟ್ಟೆ! ಬೆನ್ನಿಗೇ ಮಳೆ ಐತೆ. ಇವತ್ತು ಸಂಡಿಗೆ ಬ್ಯಾಡ."

ಚಿಟ್ಟೆ ಬಂದ ಮೇಲೆ ಮಾಳಿಗೆಯ ಮೇಲೆ ಏನೂ ಹರವಬಾರದು ಎನ್ನುವುದು ಅವರ ತವರಿನ ನಿಯಮ. ಆದರೆ ಕುದಿಸಿದ ಹಿಟ್ಟು ಸಂಜೆಗೆ ಹುಳಿಯಾಗುತ್ತದೆ. ನನಗೆ ಜೀವ ತಡೆಯಲಿಲ್ಲ.

"ಅತ್ತೆ, ಇದು ಮಳೆ ಮುಂದೆ ಬರೋದಲ್ಲರೀ. ಇಲ್ಲೇ ದಂಡೆಯದು."

ಬಣ್ಣ ನಂಬಬೇಡಿ, ಕೂರುವ ರೀತಿ ನೋಡಿ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ದಂಡೆಯದು ಕಡ್ಡಿಯ ತುದಿಯಲ್ಲಿ ಅಡ್ಡಕ್ಕೆ ಕೂರುತ್ತದೆ. ಎಬ್ಬಿಸಿದರೆ ಸುತ್ತು ಹಾಕಿ ಅದೇ ತುದಿಗೆ ಮರಳುತ್ತದೆ. ಮಳೆಯ ಮುಂದೆ ದೂರದಿಂದ ಬರುವುದು ಹಾರುತ್ತಲೇ ಇರುತ್ತದೆ, ದಣಿದರೆ ಟೊಂಗೆಯ ಕೆಳಗೆ ಜೋತುಬೀಳುತ್ತದೆ.

"ಚಿಟ್ಟೆಗೂ ಕುಂದ್ರೋದು ಕಲಿಸ್ತಾರೇನು ನಿಮ್ಮ ಸಾಲ್ಯಾಗೆ?" ಎಂದರೂ ಅತ್ತೆ ಅದರತ್ತ ನೀರು ಚಿಮುಕಿಸಿದರು. ಹಾರಿತು, ಸುತ್ತಿತು, ಅದೇ ತುದಿಗೆ ಬಂದು ಕೂತು ಮುಂಗಾಲಿನಿಂದ ಕಣ್ಣು ಒರೆಸಿಕೊಂಡಿತು. ಮೂರು ಸಲ ಎಬ್ಬಿಸಿದರು. ಮೂರು ಸಲವೂ ಹಾಗೇ.

"ಮನಿ ಬಿಟ್ಟು ಕದಲಂಗಿಲ್ಲ ಇದು. ನಡಿ, ಹಾಕೋಣ. ಮಳೆ ಬಂದ್ರೆ ಬೀಗರಿಗೆ ನೀನೇ ಉತ್ತರ ಹೇಳ್ಬೇಕು, ನೋಡು."

ಆ ದಿನವೆಲ್ಲ ನಾನು ಆಕಾಶ ನೋಡಿದ್ದೇ ನೋಡಿದ್ದು. ಬಿಸಿಲು ಚೆನ್ನಾಗಿ ಕಾಯಿತು.

ಮರುದಿನ ಮಧ್ಯಾಹ್ನ ಹಿತ್ತಿಲಿನಿಂದ ಅತ್ತೆಯ ಕೂಗು.

"ಜೋತುಬಿದ್ದೈತೆ! ನುಗ್ಗೆ ಟೊಂಗೆ ಕೆಳಗೆ! ಎತ್ತವ್ವ ಸಂಡಿಗೆ!"

"ಸರಿಯಾಗಿ ನೋಡಿದ್ರಾ ಅತ್ತೆ?"

"ನಿಮ್ಮ ಸಿಸ್ಟರ್‌ಗೆ ಆಮೇಲೆ ಕಾಗದ ಬರಿ, ಮೊದ್ಲು ಸೀರಿ ತುದಿ ಹಿಡಿ!"

ಒಂದು ಮೋಡವೂ ಇಲ್ಲದ ಆಕಾಶದಡಿ, ಸಂಡಿಗೆ ಅಂಟಿದ ಹಳೆಯ ಸೀರೆಗಳನ್ನು ನಾಲ್ಕು ಮೂಲೆ ಹಿಡಿದು ನಡುಮನೆಗೆ ಇಳಿಸಿದೆವು. ಸಂಜೆಯವರೆಗೂ ಹನಿಯಿಲ್ಲ. ನಾದಿನಿ ಕಿಸಕ್ಕೆಂದಳು. ನಾನು ತಲೆ ತಗ್ಗಿಸಿಕೊಂಡು ಸಂಡಿಗೆ ಬಿಡಿಸುತ್ತ ಕೂತೆ.

ಮಳೆ ಬಂದದ್ದು ಮಾರನೆಯ ದಿನ ಬೆಳಗ್ಗೆ, ಅಂಗಳ ಕೊಚ್ಚುವ ಹಾಗೆ. ಸಂಡಿಗೆಯೆಲ್ಲ ಆಗಲೇ ಡಬ್ಬಿ ಸೇರಿತ್ತು.

"ಒಂದಿನ ಮುಂಚೆ ಹೇಳದಿದ್ರೆ ಆ ಚಿಟ್ಟೆ ಬಂದಾದ್ರೂ ಏನು ಉಪಯೋಗ?" ಎಂದು ನಿನ್ನೆ ನಕ್ಕಿದ್ದ ಮಗಳನ್ನು ದಬಾಯಿಸಿ, ಅತ್ತೆ ಮೊದಲ ಹಿಡಿ ಸಂಡಿಗೆ ಕರಿದು ನನ್ನ ತಟ್ಟೆಗೆ ಹಾಕಿದರು.